ಡ್ಯಾಶ್‌ಬೋರ್ಡಿನಲ್ಲಿ ಹಸಿರು, ಕೌಂಟರಿನಲ್ಲಿ ನೆಟ್ ಇಲ್ಲ: ಗೇಟ್‌ವೇ ಹೆಲ್ತ್ ಚೆಕ್ ಸರಿಯಾಗಿ ಹೊಂದಿಸುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ಡೊಂಬಿವಲಿಯ ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಹೆಡ್ ಆಫೀಸಿಗೆ ಎರಡು ಇಂಟರ್ನೆಟ್ ಲೈನ್ ಇವೆ. ಒಂದು ಲೀಸ್ಡ್ ಲೈನ್, ಇನ್ನೊಂದು ಲೋಕಲ್ ಕೇಬಲ್‌ನವರ ಫೈಬರ್ ಬ್ರಾಡ್‌ಬ್ಯಾಂಡ್. ಮಧ್ಯೆ ಪಿಎಫ್‌ಸೆನ್ಸ್ ಅನ್ನುವ ಫೈರ್‌ವಾಲ್ ಬಾಕ್ಸ್ ಕೂರಿಸಿ ಲೋಡ್ ಬ್ಯಾಲೆನ್ಸ್ ಮಾಡಿದ್ದೇನೆ, ಅಂದರೆ ಟ್ರಾಫಿಕ್ ಎರಡೂ ಲೈನಿಗೆ ಹಂಚಿಹೋಗುತ್ತದೆ. ಮಳೆ ಶುರುವಾದ ಮೇಲೆ ವಾರಕ್ಕೆ ಎರಡು ಸಲವಾದರೂ ಕೌಂಟರಿನಲ್ಲಿ ಸಾಫ್ಟ್‌ವೇರ್ ತೆರೆಯುವುದಿಲ್ಲ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಎರಡೂ ಗೇಟ್‌ವೇ (ಆಯಾ ಲೈನಿಗೆ ಹೊರಹೋಗುವ ಬಾಗಿಲು) ಹಸಿರು! ಕೇಬಲ್ ಕೈಯಾರೆ ಕಿತ್ತರೆ ಮಾತ್ರ ಇನ್ನೊಂದು ಲೈನಿಗೆ ಹೋಗುತ್ತದೆ. ಎರಡಕ್ಕೂ ಮಾನಿಟರ್ ಐಪಿ (ಲೈನ್ ಬದುಕಿದೆಯಾ ಅಂತ ಕೇಳಿನೋಡುವ ವಿಳಾಸ) 8.8.8.8 ಕೊಡಲು ಹೋದರೆ ತಗೊಳ್ಳಲಿಲ್ಲ. ಲೀಸ್ಡ್ ಲೈನಿಗೆ ಮಾತ್ರ ಕೊಟ್ಟೆ. ಬೇಗ ಗೊತ್ತಾಗಲಿ ಅಂತ ಟೈಮ್ ಪೀರಿಯಡ್ 10 ಸೆಕೆಂಡ್ ಮಾಡಿದೆ, ಟ್ರಿಗರ್ 'ಪ್ಯಾಕೆಟ್ ಲಾಸ್ ಆರ್ ಹೈ ಲೇಟೆನ್ಸಿ' (ಪ್ಯಾಕೆಟ್ ಕಳೆದುಹೋದರೆ ಅಥವಾ ಉತ್ತರ ತಡವಾದರೆ ಲೈನ್ ಬದಲಿಸು) ಇಟ್ಟೆ. ಈಗ ಲೈನ್ ದಿನವಿಡೀ ಆ ಕಡೆ ಈ ಕಡೆ ಹಾರುತ್ತಿದೆ, ಕೌಂಟರಿನವರ ಲಾಗಿನ್ ಕಿತ್ತುಹೋಗುತ್ತಿದೆ. ಸದಸ್ಯರ ಪಾಸ್‌ಬುಕ್ ಆ್ಯಪ್‌ಗೆ ನಮ್ಮದೇ ಎರಡು ಸರ್ವರ್, ಮುಂದೆ ಅವೆರಡಕ್ಕೂ ಕೆಲಸ ಹಂಚುವ ಎಚ್‌ಎಪ್ರಾಕ್ಸಿ ಇದೆ, ಅದರ ಚೆಕ್ ಹೇಗಿರಬೇಕು? ಪುಣೆ ಶಾಖೆಯಲ್ಲಿ ಮೈಕ್ರೋಟಿಕ್ ರೂಟರ್ ಇದೆ, ಅಲ್ಲಿಯೂ ಇದೇ ಕಥೆ.

ಉತ್ತರ:

ನಮಸ್ಕಾರ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಮೊದಲನೆಯದು, ಚೆಕ್ ತಪ್ಪು ಜಾಗವನ್ನು ಕೇಳುತ್ತಿತ್ತು. ಎರಡನೆಯದು, ಈಗ ಸರಿ ಜಾಗವನ್ನು ಕೇಳುತ್ತಿದ್ದರೂ ಉತ್ತರ ಬರುವಷ್ಟು ಪುರುಸೊತ್ತು ಕೊಡುತ್ತಿಲ್ಲ. ಮೊದಲನೆಯದನ್ನು ಪೂರ್ತಿ ಸರಿಮಾಡದೆ ಎರಡನೆಯದಕ್ಕೆ ಕೈಹಾಕಿದ್ದರಿಂದ ಎರಡೂ ಸಿಕ್ಕುಸಿಕ್ಕಾಗಿವೆ. ಒಂದೊಂದಾಗಿ ಬಿಡಿಸೋಣ.

ಪಿಎಫ್‌ಸೆನ್ಸ್‌ಗೆ ನೀವು ಏನೂ ಹೇಳದಿದ್ದರೆ ಅದು ಗೇಟ್‌ವೇಯ ವಿಳಾಸಕ್ಕೇ ಪಿಂಗ್ (ಇದ್ದೀಯಾ ಅಂತ ಕೇಳುವ ಚಿಕ್ಕ ಪ್ಯಾಕೆಟ್) ಕಳಿಸುತ್ತದೆ. ಆ ಗೇಟ್‌ವೇ ಎಲ್ಲಿದೆ? ಕೇಬಲ್‌ನವರು ಗೋಡೆಗೆ ಹೊಡೆದು ಹೋಗಿರುವ ಓಎನ್‌ಟಿ ಡಬ್ಬಿ (ಫೈಬರನ್ನು ಈಥರ್ನೆಟ್ಟಿಗೆ ತಿರುಗಿಸುವುದು) ರೂಟರ್ ಮೋಡಿನಲ್ಲಿದ್ದರೆ ನಿಮ್ಮ ಗೇಟ್‌ವೇ 192.168.1.1 ಥರದ ವಿಳಾಸ. ಅಂದರೆ ಅದೇ ಕೋಣೆಯಲ್ಲಿ, ನಿಮ್ಮದೇ ಯುಪಿಎಸ್ ಮೇಲೆ ಓಡುವ ಡಬ್ಬಿ. ಹೊರಗೆ ರಸ್ತೆಯಲ್ಲಿ ಫೈಬರ್ ತುಂಡಾದರೂ ಅದು ಪಿಂಗ್‌ಗೆ ಉತ್ತರ ಕೊಡುತ್ತಲೇ ಇರುತ್ತದೆ. ಲೀಸ್ಡ್ ಲೈನಿನದೂ ಹೆಚ್ಚುಕಡಿಮೆ ಇದೇ. ನಿಮಗೆ ಒಂದು /30, ಅಂದರೆ ನಾಲ್ಕು ವಿಳಾಸಗಳ ಚಿಕ್ಕ ಗುಂಪು, ಕೊಟ್ಟಿರುತ್ತಾರೆ. ಅದರಲ್ಲಿ ಬಳಸಲು ಬರುವುದು ಎರಡೇ ವಿಳಾಸ, ಒಂದು ನಿಮ್ಮದು, ಒಂದು ಅವರದು. ಅವರ ವಿಳಾಸ ಕೂತಿರುವುದು ಎಷ್ಟೋ ಕಡೆ ನಿಮ್ಮ ರ‍್ಯಾಕಿನಲ್ಲೇ ಇಟ್ಟುಹೋದ ರೂಟರಿನಲ್ಲಿ. ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ಕೂತಿದ್ದಾನೆ ಅಂದಮಾತ್ರಕ್ಕೆ ಸೆಂಟ್ರಲ್ ಲೈನಿನಲ್ಲಿ ಲೋಕಲ್ ಓಡುತ್ತಿದೆ ಅಂತ ಅಲ್ಲ, ಅಲ್ವಾ?

ಇದನ್ನು ಪತ್ತೆಮಾಡಲು ಯಾರನ್ನೂ ಕೇಳಬೇಕಿಲ್ಲ. ಡ್ಯಾಶ್‌ಬೋರ್ಡಿನ ಗೇಟ್‌ವೇ ಪಟ್ಟಿಯಲ್ಲಿ ಆರ್‌ಟಿಟಿ (ಪಿಂಗ್ ಹೋಗಿ ಬರುವ ಸಮಯ) ಕಾಲಂ ನೋಡಿ. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಪುಣೆ ನಿಮ್ಮಿಂದ 150 ಕಿಲೋಮೀಟರ್ ದೂರ ಅಂತ ಇಟ್ಟುಕೊಳ್ಳಿ. ಹೋಗಿ ಬರಲು ಕನಿಷ್ಠ ಒಂದೂವರೆ ಮಿಲಿಸೆಕೆಂಡ್ ಆಗಲೇಬೇಕು. ಹಾಗಿರುವಾಗ ನಿಮ್ಮ ಕಾಲಂನಲ್ಲಿ 0.3 ಮಿಲಿಸೆಕೆಂಡ್ ಕಂಡರೆ ಉತ್ತರ ಕೊಡುತ್ತಿರುವವನು ಕಟ್ಟಡದಲ್ಲೇ ಇದ್ದಾನೆ ಅಂತಲೇ ಲೆಕ್ಕ. ಬ್ರಾಡ್‌ಬ್ಯಾಂಡ್ ಗೇಟ್‌ವೇಗೆ ನೀವಿನ್ನೂ ಮಾನಿಟರ್ ಐಪಿ ಕೊಟ್ಟಿಲ್ಲ, ಹಾಗಾಗಿ ಇವತ್ತೂ ಅದು ಸುಳ್ಳು ಹಸಿರನ್ನೇ ತೋರಿಸುತ್ತಿದೆ. ಲೀಸ್ಡ್ ಲೈನ್ ಬಿದ್ದಾಗ ಟ್ರಾಫಿಕ್ ಎಲ್ಲ ಅಲ್ಲಿಗೆ ಹೋಗುತ್ತದೆ, ಅಲ್ಲಿ ಲೈನ್ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

2020ರ ಅಕ್ಟೋಬರ್ 12 ನೆನಪಿರಬಹುದು. ಬೆಳಗ್ಗೆ ಮುಂಬೈ, ಥಾಣೆ, ನವಿ ಮುಂಬೈ ಎಲ್ಲ ಕಡೆ ಕರೆಂಟ್ ಹೋಗಿ ಲೋಕಲ್ ಟ್ರೈನುಗಳೂ ನಿಂತವಲ್ಲ, ಆ ದಿನ. ಅಂಥ ಹೊತ್ತಿನಲ್ಲಿ ಆಫೀಸಿನ ಇನ್ವರ್ಟರ್ ನಿಮ್ಮ ಡಬ್ಬಿಯನ್ನು ಎಬ್ಬಿಸಿ ಇಟ್ಟಿರುತ್ತದೆ, ಬೀದಿ ಮೂಲೆಯ ಕೇಬಲ್‌ನವರ ಸ್ವಿಚ್ಚಿಗೆ ಬ್ಯಾಟರಿ ಮುಗಿದಿರುತ್ತದೆ. ಗೇಟ್‌ವೇ ಪಿಂಗ್ ಮಾತ್ರ ಚಿನ್ನದಂಥ ಉತ್ತರ ಕೊಡುತ್ತದೆ. ಮುಂಬೈ ಉಪನಗರಗಳಲ್ಲಿ ಕೇಬಲ್ ಟೆರೇಸಿನಿಂದ ಟೆರೇಸಿಗೆ ನೇತಾಡಿಕೊಂಡು ಹೋಗುವುದು ನಿಮಗೇ ಗೊತ್ತು. ಜೋರು ಗಾಳಿಮಳೆ ಬಂದರೂ ಸಾಕು, ಗಣಪತಿ ಮಂಟಪಕ್ಕೆ ಬಿದಿರು ಕಟ್ಟುವವರ ಕೈ ತಾಗಿದರೂ ಸಾಕು. ಕಡಿಯುವುದು ಯಾವಾಗಲೂ ನಿಮ್ಮ ಗೋಡೆಯ ಆಚೆಗೇ.

ಹಾಗಾದರೆ ಯಾರನ್ನು ಕೇಳಬೇಕು? ಲೈನಿನವರ ಜಾಲ ದಾಟಿದ, ಸುಮ್ನೆ ರೀಬೂಟ್ ಆಗದ ವಿಳಾಸವನ್ನು. ಲೀಸ್ಡ್ ಲೈನಿಗೆ 9.9.9.9, ಬ್ರಾಡ್‌ಬ್ಯಾಂಡಿಗೆ 1.0.0.1 ಕೊಡಿ, ನಡೆಯುತ್ತದೆ. ಕೊಟ್ಟ ಮೇಲೆ ಆರ್‌ಟಿಟಿ ನೋಡಿ. ಇಂಥ ವಿಳಾಸಗಳು ಜಗತ್ತಿನ ಹಲವು ಕಡೆಯಿಂದ ಉತ್ತರ ಕೊಡುತ್ತವೆ, ನಿಮ್ಮ ಲೈನಿನವರು ಯಾವ ಕಡೆ ತಳ್ಳುತ್ತಾರೋ ಅಲ್ಲಿಂದ. ಕೆಲವೇ ಮಿಲಿಸೆಕೆಂಡ್ ಬಂದರೆ ಮುಂಬೈಯಲ್ಲೇ ಸಿಗುತ್ತಿದೆ. 60ರ ಸುತ್ತ ಬಂದರೆ ಸಿಂಗಾಪುರದ ಕಡೆಗೆ ಹೋಗುತ್ತಿರಬಹುದು. ಮುಂಬೈ–ಸಿಂಗಾಪುರ ನೇರ ಗೆರೆ ಎಳೆದರೂ 3,900 ಕಿಲೋಮೀಟರ್ ಆಸುಪಾಸು, 39 ಮಿಲಿಸೆಕೆಂಡಿಗಿಂತ ಕಡಿಮೆಗೆ ಹೋಗಿಬರಲು ಆಗುವುದೇ ಇಲ್ಲ. ಹಾಗಾದಾಗ ಬೇರೆ ವಿಳಾಸ ಹಿಡಿಯಿರಿ. ಸಮುದ್ರದಾಚೆಯ ದಾರಿ ಕೆಟ್ಟಿದ್ದಕ್ಕೆ ಡೊಂಬಿವಲಿಯ ಲೈನ್ ಬದಲಾಗಬೇಕಿಲ್ಲ.

ಸಾಫ್ಟ್‌ವೇರ್ ಕಂಪನಿಯ ಸರ್ವರಿಗೇ ಪಿಂಗ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಆಸೆ ಸರಿ, ಆದರೆ ಬೇಡ ಅನ್ನುತ್ತೇನೆ. ಅವರು ರಾತ್ರಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ನಿಮ್ಮ ಲೈನ್ ಕೆಂಪಾಗುತ್ತದೆ. ಅವರ ಫೈರ್‌ವಾಲ್‌ನವರು ಒಂದು ದಿನ ಪಿಂಗ್ ಮುಚ್ಚಿದರೂ ಅಷ್ಟೇ. ಲೈನಿನ ಆರೋಗ್ಯ ಒಂದು, ಆ ಸರ್ವರಿನ ಆರೋಗ್ಯ ಇನ್ನೊಂದು. ಸರ್ವರ್ ಸತ್ತಾಗ ಲೈನ್ ಬದಲಿಸಿದರೆ ಏನೂ ಸಿಗುವುದಿಲ್ಲ.

ಎರಡಕ್ಕೂ ಒಂದೇ ಐಪಿ ಯಾಕೆ ತಗೊಳ್ಳಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಮಾನಿಟರ್ ಐಪಿ ಕೊಟ್ಟ ಕೂಡಲೇ ಪಿಎಫ್‌ಸೆನ್ಸ್ ಆ ಒಂದೇ ವಿಳಾಸಕ್ಕೆ ಆ ಗೇಟ್‌ವೇ ಮೂಲಕ ಸ್ಟ್ಯಾಟಿಕ್ ರೂಟ್ (ಬದಲಾಗದ ದಾರಿ) ಹಾಕಿಕೊಳ್ಳುತ್ತದೆ. ಪಿಂಗ್ ಆ ಲೈನಿನಲ್ಲೇ ಹೋಗಲಿ ಅಂತ. ಒಂದೇ ವಿಳಾಸಕ್ಕೆ ಎರಡು ದಾರಿ ಹಾಕಲು ಬರುವುದಿಲ್ಲ, ಹಾಗಾಗಿ ಬೇರೆ ಬೇರೆ ಬೇಕು.

ಈ ಸ್ಟ್ಯಾಟಿಕ್ ರೂಟಿಗೆ ಒಂದು ಬಾಲ ಇದೆ. ಅದನ್ನು ಗಮನಿಸದೆ ತಲೆ ಕೆಡಿಸಿಕೊಂಡವರು ಬಹಳ ಮಂದಿ. ನಿಮ್ಮ ಆಫೀಸಿನ ಕಂಪ್ಯೂಟರುಗಳು ಡಿಎನ್‌ಎಸ್‌ಗೆ (ಸೈಟಿನ ಹೆಸರಿನಿಂದ ಐಪಿ ತಿಳಿಯಲು) ಫೈರ್‌ವಾಲನ್ನು ಕೇಳುತ್ತವೆ, ಫೈರ್‌ವಾಲ್ ಅದನ್ನು 8.8.8.8ಕ್ಕೆ ಫಾರ್ವರ್ಡ್ ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಅದೇ 8.8.8.8 ಲೀಸ್ಡ್ ಲೈನಿನ ಮಾನಿಟರ್ ಐಪಿಯೂ ಆಗಿದ್ದರೆ? ಲೈನ್ ಬೀಳುತ್ತದೆ, ಫೇಲ್‌ಓವರ್ (ಇನ್ನೊಂದು ಲೈನಿಗೆ ದಾಟುವುದು) ಸರಿಯಾಗಿಯೇ ಆಗುತ್ತದೆ, ಬ್ರಾಡ್‌ಬ್ಯಾಂಡ್ ಚೆನ್ನಾಗಿಯೇ ಓಡುತ್ತದೆ. ಆದರೆ ಫೈರ್‌ವಾಲ್ ತಾನು ಕೇಳುವ ಡಿಎನ್‌ಎಸ್ ಪ್ರಶ್ನೆಯನ್ನು ಮಾತ್ರ ಸತ್ತ ಲೈನಿಗೇ ಕಳಿಸುತ್ತಿರುತ್ತದೆ. ನೆಟ್ ಇದೆ, ಒಂದು ಸೈಟೂ ತೆರೆಯುವುದಿಲ್ಲ. ಡಿಎನ್‌ಎಸ್‌ಗೆ ಬಳಸುವ ವಿಳಾಸ ಬೇರೆ ಇರಲಿ, ಮಾನಿಟರ್‌ಗೆ ಬಳಸುವುದು ಬೇರೆ ಇರಲಿ. ಜನರಲ್ ಸೆಟಪ್‌ನಲ್ಲಿ ಡಿಎನ್‌ಎಸ್ ಪಕ್ಕ ಗೇಟ್‌ವೇ ಆರಿಸಿದ್ದರೆ ಅದೂ ಇಂಥದೇ ರೂಟ್ ಹಾಕುತ್ತದೆ, ಅದನ್ನೂ ಒಮ್ಮೆ ನೋಡಿ.

ಹಾಗೆಯೇ ಸಿಸ್ಟಂ, ರೂಟಿಂಗ್‌ಗೆ ಹೋಗಿ ಡೀಫಾಲ್ಟ್ ಗೇಟ್‌ವೇ ಏನಿದೆ ನೋಡಿ. ಅಲ್ಲಿ ಬರೀ ಲೀಸ್ಡ್ ಲೈನ್ ಇದ್ದರೆ ಫೇಲ್‌ಓವರ್ ಗ್ರೂಪ್ ಹಾಕಿ. ಲ್ಯಾನ್ ರೂಲಿನಲ್ಲಿ ಕೊಟ್ಟ ಗ್ರೂಪ್ ಕಂಪ್ಯೂಟರುಗಳ ಟ್ರಾಫಿಕ್ಕಿಗೆ ಮಾತ್ರ ಅನ್ವಯ. ಫೈರ್‌ವಾಲಿನ ಸ್ವಂತ ಟ್ರಾಫಿಕ್ ಡೀಫಾಲ್ಟ್ ಗೇಟ್‌ವೇ ಹಿಡಿದೇ ಹೋಗುತ್ತದೆ.

ಈಗ ಸಂಖ್ಯೆಗಳಿಗೆ ಬರೋಣ. ಇದೇ ನಿಮ್ಮ ಎರಡನೇ ತೊಂದರೆಯ ಮೂಲ, ಸ್ವಲ್ಪ ನಿಧಾನವಾಗಿ ಓದಿ.

ಪಿಎಫ್‌ಸೆನ್ಸ್ ಒಳಗೆ ಪಿಂಗ್ ಕೆಲಸ ಮಾಡುವ ಡಿಪಿಂಗರ್ ಅರ್ಧ ಸೆಕೆಂಡಿಗೆ ಒಂದು ಪಿಂಗ್ ಕಳಿಸುತ್ತದೆ. 2 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಕಳೆದುಹೋಯಿತು ಅಂತ ಬರೆದುಕೊಳ್ಳುತ್ತದೆ. ಹಿಂದಿನ 60 ಸೆಕೆಂಡಿನ ಸರಾಸರಿ ಇಟ್ಟುಕೊಂಡು ತೀರ್ಮಾನ ಹೇಳುತ್ತದೆ. ಲಾಸ್ ಮಿತಿ ಎರಡು: ಕೆಳಗಿನದು 10 ಶೇಕಡಾ, ಮೇಲಿನದು 20. ಲೇಟೆನ್ಸಿಗೂ ಎರಡು: 200 ಮತ್ತು 500 ಮಿಲಿಸೆಕೆಂಡ್. ಇವೆಲ್ಲ ಬಾಕ್ಸಿನ ಜೊತೆಗೇ ಬರುವ ಸಂಖ್ಯೆಗಳು.

60 ಸೆಕೆಂಡಿನಲ್ಲಿ 120 ಪಿಂಗ್. ಅದರ 20 ಶೇಕಡಾ ಅಂದರೆ 24. ಲೈನ್ ಪೂರ್ತಿ ಸತ್ತರೆ 24 ಪಿಂಗ್ ಕಳೆದುಹೋಗಲು 12 ಸೆಕೆಂಡ್ ಬೇಕು, ಮೇಲೆ ಆ 2 ಸೆಕೆಂಡ್ ಕಾಯುವಿಕೆ. ಹಾಗಾಗಿ ಸುಮಾರು 14 ಸೆಕೆಂಡಿಗೆ ಲೈನ್ ಡೌನ್ ಅನ್ನುತ್ತದೆ. ವಾಪಸ್ ಬರುವುದು? ಲೈನ್ ಒಂದು ನಿಮಿಷಕ್ಕಿಂತ ಜಾಸ್ತಿ ಸತ್ತಿದ್ದರೆ ಲೆಕ್ಕದ ಪುಸ್ತಕದಲ್ಲಿರುವ 120 ಪಿಂಗೂ ಕಳೆದುಹೋದವೇ. ಅದು 20 ಶೇಕಡಾಕ್ಕೆ ಇಳಿಯಲು 48 ಸೆಕೆಂಡ್ ಸತತವಾಗಿ ಒಳ್ಳೆಯ ಪಿಂಗ್ ಬರಬೇಕು. ಬೇಗ ಕೆಳಗೆ, ನಿಧಾನವಾಗಿ ಮೇಲೆ. ಲೈನ್ ವಿಷಯದಲ್ಲಿ ನಮಗೆ ಬೇಕಾದ್ದೂ ಇದೇ.

ಈಗ ನೀವು ಮಾಡಿದ್ದನ್ನು ನೋಡಿ. ಟೈಮ್ ಪೀರಿಯಡ್ 10 ಸೆಕೆಂಡ್ ಆದಾಗ ಪುಸ್ತಕದಲ್ಲಿ ಇರುವುದೇ 20 ಪಿಂಗ್. ಮೇಲಿಂದ ಟ್ರಿಗರ್ 'ಪ್ಯಾಕೆಟ್ ಲಾಸ್ ಆರ್ ಹೈ ಲೇಟೆನ್ಸಿ'. ಈ ಟ್ರಿಗರ್ ನೋಡುವುದು ಮೇಲಿನ ಮಿತಿಯನ್ನಲ್ಲ, ಕೆಳಗಿನದನ್ನು, ಅಂದರೆ 10 ಶೇಕಡಾವನ್ನು. 20ರಲ್ಲಿ 10 ಶೇಕಡಾ ಅಂದರೆ ಎರಡು ಪಿಂಗ್. ಮಳೆಯಲ್ಲಿ ಎಲ್ಲೋ ಒಂದು ಜಾಯಿಂಟ್ ಒಂದು ಸೆಕೆಂಡ್ ಕಣ್ಣು ಮುಚ್ಚಿದರೂ ಲೈನ್ ಔಟ್. ಹತ್ತು ಸೆಕೆಂಡ್ ಕಳೆದರೆ ಆ ಎರಡು ಪಿಂಗ್ ಪುಸ್ತಕದಿಂದ ಹೊರಗೆ, ಲೈನ್ ಮತ್ತೆ ಒಳಗೆ. ಇನ್ನೊಂದು ಸೆಕೆಂಡಿನ ತೊಡಕು, ಮತ್ತೆ ಔಟ್. ಇದೇ ಒಂದು ಸೆಕೆಂಡಿನ ತೊಡಕು 60 ಸೆಕೆಂಡಿನ ಪುಸ್ತಕದಲ್ಲಿ 2 ಶೇಕಡಾಕ್ಕೂ ಕಡಿಮೆ, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಕೌಂಟರಿನವರಿಗೂ ಅಷ್ಟೇ. ಒಂದು ಸೆಕೆಂಡ್ ತಡವಾದರೆ ಅವರು ಗಮನಿಸುವುದಿಲ್ಲ, ಲಾಗಿನ್ ಹೋದರೆ ಫೋನ್ ಮಾಡುತ್ತಾರೆ.

ನನ್ನ ಸಲಹೆ ಇಷ್ಟು. ಟೈಮ್ ಪೀರಿಯಡ್ ಮತ್ತೆ 60 ಸೆಕೆಂಡಿಗೆ ತನ್ನಿ. ಟ್ರಿಗರ್ 'ಮೆಂಬರ್ ಡೌನ್' ಮಾಡಿ, ಅದು ಮೇಲಿನ ಮಿತಿ ನೋಡುತ್ತದೆ. ಲೀಸ್ಡ್ ಲೈನಿಗೆ 10 ಮತ್ತು 20 ಹಾಗೇ ಇರಲಿ. ಬ್ರಾಡ್‌ಬ್ಯಾಂಡಿಗೆ ಮಳೆಗಾಲ ಮುಗಿಯುವ ತನಕ 15 ಮತ್ತು 30 ಇಡಿ. 30 ಅಂದರೆ 36 ಪಿಂಗ್, 18 ಸೆಕೆಂಡ್ ಮತ್ತು ಮೇಲೆ 2. ಇಪ್ಪತ್ತು ಸೆಕೆಂಡ್ ಜಾಸ್ತಿ ಆಯಿತು ಅನ್ನಿಸುತ್ತದೆಯೇ? ಇಷ್ಟು ದಿನ ನೀವು ಎದ್ದು ಹೋಗಿ ಕೇಬಲ್ ಕೀಳುತ್ತಿದ್ದಿರಿ, ಅದಕ್ಕೆ ಹೋಲಿಸಿ ನೋಡಿ. ನಿಜಕ್ಕೂ ಬೇಗ ಬೇಕೇಬೇಕು ಅಂದರೆ ಲೀಸ್ಡ್ ಲೈನಿಗೆ ಮಾತ್ರ 30 ಸೆಕೆಂಡ್ ಇಟ್ಟುನೋಡಿ, ಸುಮಾರು 8 ಸೆಕೆಂಡಿಗೆ ತೀರ್ಮಾನ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಲೇಟೆನ್ಸಿ ಮಿತಿಯ ಬಗ್ಗೆ ಒಂದು ಮಾತು. ಸಂಜೆ ಸಿಸಿಟಿವಿ ಬ್ಯಾಕಪ್ ಮೇಲಕ್ಕೆ ಹೋಗುವಾಗ ಲೈನಿನ ಕ್ಯೂ ತುಂಬುತ್ತದೆ. 5 ಮಿಲಿಸೆಕೆಂಡ್ ಇದ್ದ ಪಿಂಗ್ 300 ಆಗುತ್ತದೆ. ಲೈನ್ ಸತ್ತಿಲ್ಲ, ನೀವೇ ಅದರ ಕುತ್ತಿಗೆ ಹಿಸುಕುತ್ತಿದ್ದೀರಿ. ಆಗ ಹೆಲ್ತ್ ಚೆಕ್ ಲೈನನ್ನು ಹೊರಹಾಕಿದರೆ ಅದೇ ಭಾರ ಎರಡನೆಯದರ ಮೇಲೆ ಬೀಳುತ್ತದೆ, ಅದೂ ಹಾಗೇ ಆಗುತ್ತದೆ, ಅಷ್ಟರಲ್ಲಿ ಮೊದಲನೆಯದು ಖಾಲಿಯಾಗಿ ಹಸಿರಾಗಿರುತ್ತದೆ. ಇದನ್ನು ಮಿತಿ ತಿದ್ದಿ ಸರಿಮಾಡಲು ಹೋಗಬೇಡಿ. ಬ್ಯಾಕಪ್ಪಿಗೆ ಲಿಮಿಟರ್ ಹಾಕಿ, ಇಲ್ಲವೇ ರಾತ್ರಿಗೆ ತಳ್ಳಿ.

ಇನ್ನು ಲಾಗಿನ್ ಕಿತ್ತುಹೋಗುವ ವಿಷಯ. ಎರಡೂ ಲೈನ್ ಟಿಯರ್ ಒಂದರಲ್ಲಿ (ಒಂದೇ ಆದ್ಯತೆಯಲ್ಲಿ) ಇದ್ದರೆ ಒಂದು ಕನೆಕ್ಷನ್ ಈ ಕಡೆ, ಇನ್ನೊಂದು ಆ ಕಡೆ ಹೋಗುತ್ತದೆ. ಹೊರಗಿನ ಸರ್ವರಿಗೆ ಒಬ್ಬನೇ ಮನುಷ್ಯ ಎರಡು ಐಪಿಯಿಂದ ಬಂದಂತೆ ಕಾಣುತ್ತದೆ. ಹಣಕಾಸಿನ ಸಾಫ್ಟ್‌ವೇರುಗಳಿಗೆ ಇದು ಆಗಿಬರುವುದಿಲ್ಲ. ಅದಕ್ಕೆ ಆ ಸಾಫ್ಟ್‌ವೇರಿನ ವಿಳಾಸಕ್ಕೆ ಮಾತ್ರ ಬೇರೆ ರೂಲ್ ಮೇಲ್ಗಡೆ ಬರೆಯಿರಿ, ಅದಕ್ಕೆ ಬೇರೆ ಗ್ರೂಪ್ ಕೊಡಿ: ಲೀಸ್ಡ್ ಲೈನ್ ಟಿಯರ್ ಒಂದು, ಬ್ರಾಡ್‌ಬ್ಯಾಂಡ್ ಟಿಯರ್ ಎರಡು. ಉಳಿದ ಬ್ರೌಸಿಂಗ್ ಎರಡರಲ್ಲೂ ಹಂಚಿಕೊಂಡು ಹೋಗಲಿ. ಸಾಫ್ಟ್‌ವೇರಿನವರು ನಿಮ್ಮ ಐಪಿಗೆ ಮಾತ್ರ ಬಾಗಿಲು ತೆರೆದಿದ್ದಾರಾ ಅಂತಲೂ ಕೇಳಿ. ಹಾಗಿದ್ದರೆ ಬ್ರಾಡ್‌ಬ್ಯಾಂಡಿನ ಐಪಿಯನ್ನೂ ಸೇರಿಸಬೇಕು, ಅದಕ್ಕೆ ಆ ಲೈನಿಗೆ ಸ್ಟ್ಯಾಟಿಕ್ ಐಪಿ ಇರಬೇಕು. ಓಎನ್‌ಟಿಯ ಒಳಗೆ ಹೋಗಿ ನೋಡಿದಾಗ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಆ ಸಾರ್ವಜನಿಕ ಐಪಿಯನ್ನು ನೀವು ಇನ್ನೂ ಹಲವು ಗಿರಾಕಿಗಳ ಜೊತೆ ಹಂಚಿಕೊಂಡಿದ್ದೀರಿ ಅಂತ ಅರ್ಥ. ಅಂಥ ಲೈನಿಗೆ ಫೇಲ್‌ಓವರ್ ಆದರೂ ಸಾಫ್ಟ್‌ವೇರ್ ತೆರೆಯುವುದಿಲ್ಲ, ಹೆಲ್ತ್ ಚೆಕ್ ಎಷ್ಟೇ ಚೆನ್ನಾಗಿದ್ದರೂ.

ಸಿಸ್ಟಂ, ಅಡ್ವಾನ್ಸ್ಡ್, ಮಿಸಲೇನಿಯಸ್‌ನಲ್ಲಿ ಗೇಟ್‌ವೇ ಬಿದ್ದಾಗ ಸ್ಟೇಟ್ (ನಡೆಯುತ್ತಿರುವ ಕನೆಕ್ಷನ್ನಿನ ದಾಖಲೆ) ಕೊಲ್ಲುವ ಆಯ್ಕೆ ಇದೆ. ಬಿದ್ದ ಲೈನಿನ ಸ್ಟೇಟುಗಳನ್ನು ಮಾತ್ರ ಕೊಲ್ಲುವ ಹಾಗೆ ಇಡಿ. ಇಲ್ಲವಾದರೆ ಹಳೆಯ ಕನೆಕ್ಷನ್ನುಗಳು ಸತ್ತ ಲೈನಿಗೇ ಜೋತುಬಿದ್ದಿರುತ್ತವೆ. ಲೈನ್ ವಾಪಸ್ ಬಂದಾಗ ಮಾತ್ರ ಕೊಲ್ಲಬೇಡಿ. ಬ್ರಾಡ್‌ಬ್ಯಾಂಡಿನಲ್ಲಿ ಅರ್ಧ ಎಂಟ್ರಿ ಮಾಡಿರುವವರು ಅಲ್ಲೇ ಮುಗಿಸಲಿ, ಹೊಸ ಕನೆಕ್ಷನ್ ತಾನಾಗಿ ಲೀಸ್ಡ್ ಲೈನಿಗೆ ಹೋಗುತ್ತದೆ.

ಪಿಂಗ್‌ಗೆ ಕಾಣದ ಕಾಯಿಲೆಗಳೂ ಇವೆ. ಡಿಪಿಂಗರಿನ ಪಿಂಗ್ ತೀರಾ ಚಿಕ್ಕ ಪ್ಯಾಕೆಟ್. ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನಲ್ಲಿ ದೊಡ್ಡ ಪ್ಯಾಕೆಟ್ಟಿನ ಮಿತಿ 1500 ಬೈಟ್ ಅಲ್ಲ, 1492. ಎಲ್ಲೋ ಎಂಟಿಯು, ಅಂದರೆ ಈ ಮಿತಿ, ತಪ್ಪಿದ್ದರೆ ಚಿಕ್ಕದು ದಾಟುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ. ಪುಟ ಅರ್ಧ ತೆರೆದು ನಿಲ್ಲುವುದು ಇದರ ಗುರುತು. ತುಂಡು ಮಾಡಬೇಡ ಅಂತ ಹೇಳಿ 1464 ಬೈಟ್ ಡೇಟಾದ ಪಿಂಗ್ ಕಳಿಸಿ ನೋಡಿ, ಹೋದರೆ ಸರಿ, ಹೋಗದಿದ್ದರೆ ಎಂಟಿಯು ನೋಡಿ. ಇನ್ನೊಂದು, ರೀಚಾರ್ಜ್ ಮುಗಿದ ಬ್ರಾಡ್‌ಬ್ಯಾಂಡ್. ಕೆಲವು ಆಪರೇಟರುಗಳು ಲೈನ್ ಕತ್ತರಿಸುವುದಿಲ್ಲ, ವೆಬ್ ಪುಟಗಳನ್ನು ಮಾತ್ರ 'ಹಣ ಕಟ್ಟಿ' ಪುಟಕ್ಕೆ ತಿರುಗಿಸುತ್ತಾರೆ. ಪಿಂಗ್ ಹೋಗುತ್ತಲೇ ಇರುತ್ತದೆ. ಇದಕ್ಕೆ ಒಂದು ಹಳೆಯ ಕಂಪ್ಯೂಟರಿನಿಂದ ಐದು ನಿಮಿಷಕ್ಕೊಮ್ಮೆ ಬ್ರಾಡ್‌ಬ್ಯಾಂಡ್ ಮೂಲಕವೇ ಒಂದು ಎಚ್‌ಟಿಟಿಪಿಎಸ್ ಪುಟ ತೆರೆದು ನೋಡುವ ಚಿಕ್ಕ ಸ್ಕ್ರಿಪ್ಟ್ ಸಾಕು. ಅದು ಲೈನ್ ಬದಲಿಸುವುದು ಬೇಡ, ನಿಮಗೆ ಮೆಸೇಜ್ ಕಳಿಸಿದರೆ ಆಯಿತು.

ಲಾಗ್ ಓದುವುದನ್ನು ರೂಢಿ ಮಾಡಿಕೊಳ್ಳಿ. ಸ್ಟೇಟಸ್, ಸಿಸ್ಟಂ ಲಾಗ್ಸ್, ಗೇಟ್‌ವೇಸ್. ಅಲ್ಲಿ ಗೇಟ್‌ವೇ ಹೆಸರು, ಮಾನಿಟರ್ ಐಪಿ, ಆಮೇಲೆ 'ಅಲಾರ್ಮ್', ಲೇಟೆನ್ಸಿ 5123, ಲಾಸ್ 21 ಶೇಕಡಾ ಅಂತ ಒಂದು ಸಾಲು ಇರುತ್ತದೆ. 5123 ನೋಡಿ ಗಾಬರಿ ಬೇಡ, ಅದು ಮೈಕ್ರೋಸೆಕೆಂಡ್, ಅಂದರೆ ಬರೀ 5 ಮಿಲಿಸೆಕೆಂಡ್. ಲೇಟೆನ್ಸಿ ಚೆನ್ನಾಗಿದ್ದು ಲಾಸ್ ಮಾತ್ರ ಜಾಸ್ತಿ ಇದ್ದರೆ ಕಡಿತ ಅಥವಾ ಕೆಟ್ಟ ಜಾಯಿಂಟ್ ಅನ್ನಿ. ಲೇಟೆನ್ಸಿ ಮೊದಲು ಏರಿ ಆಮೇಲೆ ಲಾಸ್ ಬಂದರೆ ಲೈನ್ ತುಂಬಿದೆ. 'ಸೆಂಡ್‌ಟು ಎರರ್' ಅಂತ ಕಂಡು ಪಕ್ಕದಲ್ಲಿ 65 ಇದ್ದರೆ ಪಿಂಗ್ ನಿಮ್ಮ ಬಾಕ್ಸಿನಿಂದ ಹೊರಗೇ ಹೋಗಿಲ್ಲ, ದಾರಿಯೇ ಸಿಕ್ಕಿಲ್ಲ. 64 ಆದರೆ ಪಕ್ಕದ ಡಬ್ಬಿಯೇ ಉತ್ತರ ಕೊಡುತ್ತಿಲ್ಲ. 55 ಅಂದರೆ ಕಳಿಸಲು ಬಫರ್ ಖಾಲಿ ಇಲ್ಲ. ಈ ಮೂರರಲ್ಲಿ ಯಾವುದು ಕಂಡರೂ ಲೈನಿನವರಿಗೆ ಫೋನ್ ಮಾಡುವ ಮೊದಲು ನಿಮ್ಮ ಕಡೆಯ ಕೇಬಲ್, ಕಾರ್ಡ್, ವಿಳಾಸ ನೋಡಿ. ಕಂಪ್ಲೇಂಟ್ ಹಾಕಿ ಅವರ ಹುಡುಗ ಕಲ್ಯಾಣದಿಂದ ಬಂದು 'ನಮ್ಮ ಕಡೆ ಎಲ್ಲ ಓಕೆ' ಅಂತ ಹೇಳಿ ಹೋಗುವುದು ತಪ್ಪುತ್ತದೆ.

ಎಚ್‌ಎಪ್ರಾಕ್ಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಲ್ಲಿ ತೊಂದರೆ ಚಿಕ್ಕದು. ಬರೀ 'ಚೆಕ್' ಅಂತ ಬರೆದಿದ್ದರೆ ಅದು ಪೋರ್ಟ್ ತೆರೆದಿದೆಯಾ ಅಂತ ಮಾತ್ರ ನೋಡುತ್ತದೆ. ಆ್ಯಪ್ ಒಳಗೆ ಹೆಪ್ಪುಗಟ್ಟಿದ್ದರೂ ಪೋರ್ಟ್ ತೆರೆದಿರುತ್ತದೆ. ಎಚ್‌ಟಿಟಿಪಿ ಚೆಕ್ ಹಾಕಿ, ಜೊತೆಗೆ 200 (ಎಲ್ಲ ಸರಿ ಅನ್ನುವ ಕೋಡ್) ಬಂದರೆ ಮಾತ್ರ ಸರಿ ಅಂತ ಎಕ್ಸ್‌ಪೆಕ್ಟ್ ಸಾಲು ಬರೆಯಿರಿ. ಬರೆಯದಿದ್ದರೆ 200ರ ಸಾಲು, 300ರ ಸಾಲು ಎರಡನ್ನೂ ಅದು ಒಪ್ಪಿಕೊಳ್ಳುತ್ತದೆ. ನಿಮ್ಮ ಆ್ಯಪ್ ಲಾಗಿನ್ ಪುಟಕ್ಕೆ 302 ಕೊಟ್ಟು ತಳ್ಳಿದರೂ ಆರೋಗ್ಯವಂತ ಅಂತ ಬರೆದುಕೊಳ್ಳುತ್ತದೆ. ಸಮಯದ ಸಂಖ್ಯೆಗಳು ಹಾಗೇ ಇರಲಿ: 2 ಸೆಕೆಂಡಿಗೊಮ್ಮೆ, ಮೂರು ಸಲ ತಪ್ಪಿದರೆ ಹೊರಗೆ, ಎರಡು ಸಲ ಸರಿ ಬಂದರೆ ಒಳಗೆ.

ಹೆಲ್ತ್ ಪುಟದಲ್ಲಿ ಡೇಟಾಬೇಸನ್ನು ಕೇಳಬೇಕಾ ಅನ್ನುವುದು ಹಳೆಯ ಜಗಳ. ನಿಮ್ಮ ಎರಡೂ ಸರ್ವರಿಗೆ ಡೇಟಾಬೇಸ್ ಒಂದೇ ಆಗಿದ್ದರೆ ಕೇಳಬೇಡಿ ಅನ್ನುವುದು ನನ್ನ ಪಕ್ಷ. ತಿಂಗಳ ಕೊನೆಯಲ್ಲಿ ಬಡ್ಡಿ ಲೆಕ್ಕ ಓಡುವಾಗ ಡೇಟಾಬೇಸ್ ನಿಧಾನವಾದರೆ ಎರಡೂ ಸರ್ವರ್ ಒಟ್ಟಿಗೇ ಹೊರಗೆ ಹೋಗುತ್ತವೆ, ಸದಸ್ಯರಿಗೆ 503 (ಸೇವೆ ಸಿಗುತ್ತಿಲ್ಲ) ಕಾಣುತ್ತದೆ. ನಿಧಾನವಾಗಿಯಾದರೂ ತೆರೆಯುತ್ತಿದ್ದ ಆ್ಯಪ್ ಪೂರ್ತಿ ಮುಚ್ಚಿಹೋಗುತ್ತದೆ. ಪುಟ ಆ ಸರ್ವರ್ ತನ್ನ ಕೆಲಸ ಮಾಡಬಲ್ಲದಾ ಅಂತ ಮಾತ್ರ ಹೇಳಲಿ. ಡೇಟಾಬೇಸಿಗೆ ಬೇರೆ ಅಲಾರ್ಮ್ ಇಡಿ.

ಮುಂದೆ ಇದನ್ನು ಅಮೆಜಾನಿನ ಮುಂಬೈ ರೀಜನ್ನಿಗೆ ಒಯ್ದರೆ ಅಲ್ಲಿನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ 30 ಸೆಕೆಂಡಿಗೊಮ್ಮೆ ಕೇಳುತ್ತದೆ, ಎರಡು ಸಲ ತಪ್ಪಿದರೆ ಹೊರಹಾಕುತ್ತದೆ, ಅಂದರೆ ಒಂದು ನಿಮಿಷದ ಆಸುಪಾಸು. ಎಲ್ಲ ಸರ್ವರ್ ಕೆಟ್ಟವು ಅಂತ ಕಂಡರೆ ಅದು ಎಚ್‌ಎಪ್ರಾಕ್ಸಿಯ ಹಾಗೆ ಬಾಗಿಲು ಹಾಕುವುದಿಲ್ಲ, ಎಲ್ಲಕ್ಕೂ ಕಳಿಸುತ್ತದೆ. ಪುಣೆಯಲ್ಲಿರುವ ಅಝೂರ್ ರೀಜನ್ ಆರಿಸಿದರೆ ಚೆಕ್ ಬರುವುದು 168.63.129.16ರಿಂದ. ಅದನ್ನು ಫೈರ್‌ವಾಲಿನಲ್ಲಿ ಮುಚ್ಚಿಬಿಟ್ಟು 'ಸರ್ವರ್ ಚೆನ್ನಾಗಿದೆ, ಬ್ಯಾಲೆನ್ಸರ್ ಮಾತ್ರ ಒಪ್ಪುತ್ತಿಲ್ಲ' ಅಂತ ಒದ್ದಾಡುವವರು ಈಗಲೂ ಸಿಗುತ್ತಾರೆ.

ಪುಣೆ ಶಾಖೆಯ ಮೈಕ್ರೋಟಿಕ್‌ನಲ್ಲಿ ಚೆಕ್ ಗೇಟ್‌ವೇ ಪಿಂಗ್ ಹಾಕಿರುತ್ತೀರಿ. ಅದು 10 ಸೆಕೆಂಡಿಗೊಮ್ಮೆ ಕೇಳಿ, ಎರಡು ಸಲ ಉತ್ತರ ಬರದಿದ್ದರೆ ರೂಟ್ ತೆಗೆಯುತ್ತದೆ. ಆದರೆ ಕೇಳುವುದು ಪಕ್ಕದ ಡಬ್ಬಿಯನ್ನೇ. ಅದಕ್ಕೆ ರಿಕರ್ಸಿವ್ ರೂಟ್, ಅಂದರೆ ಒಂದು ರೂಟಿನ ಮೇಲೆ ನಿಂತ ಇನ್ನೊಂದು ರೂಟ್, ಬೇಕು. ಮೊದಲು 9.9.9.9ಕ್ಕೆ ನಿಜವಾದ ಗೇಟ್‌ವೇ ಮೂಲಕ ಒಂದು ರೂಟ್ ಬರೆದು ಸ್ಕೋಪ್ 10 ಕೊಡಿ. ಆಮೇಲೆ ಡೀಫಾಲ್ಟ್ ರೂಟಿನ ಗೇಟ್‌ವೇ ಜಾಗದಲ್ಲಿ 9.9.9.9 ಅಂತಲೇ ಬರೆದು ಟಾರ್ಗೆಟ್ ಸ್ಕೋಪ್ 11 ಮಾಡಿ, ಚೆಕ್ ಗೇಟ್‌ವೇ ಪಿಂಗ್ ಇಡಿ. ಎರಡನೇ ಲೈನಿಗೆ ಬೇರೆ ವಿಳಾಸ, ಡಿಸ್ಟೆನ್ಸ್ 2. ಮೈಕ್ರೋಟಿಕ್‌ನ ರೂಟರ್‌ಓಎಸ್ ಆರನೇ ಆವೃತ್ತಿಯ ಕಾಲದ ಬರಹ ನೋಡಿ ಟಾರ್ಗೆಟ್ ಸ್ಕೋಪ್ 10ರಲ್ಲೇ ಬಿಟ್ಟರೆ ಏಳರಲ್ಲಿ ಈ ರೂಟ್ ಎದ್ದೇಳುವುದಿಲ್ಲ. ಇಲ್ಲೂ ಡಿಎನ್‌ಎಸ್‌ಗೆ ಆ ಎರಡು ವಿಳಾಸ ಬಳಸಬೇಡಿ.

ಎಲ್ಲ ಆದ ಮೇಲೆ ಪರೀಕ್ಷೆ. ನೀವು ಇಷ್ಟು ದಿನ ಕಿತ್ತಿದ್ದು ಫೈರ್‌ವಾಲಿನ ಈಥರ್ನೆಟ್ ಕೇಬಲ್. ಅದನ್ನು ಕಿತ್ತರೆ ಎಂಥ ಕೆಟ್ಟ ಸೆಟಪ್ ಆದರೂ ಫೇಲ್‌ಓವರ್ ಆಗುತ್ತದೆ, ಏಕೆಂದರೆ ಪೋರ್ಟೇ ಸತ್ತಿರುತ್ತದೆ. ಈ ಸಲ ಓಎನ್‌ಟಿಗೆ ಹೊರಗಿನಿಂದ ಬರುವ ಫೈಬರನ್ನೇ ಬಿಚ್ಚಿ, ಹಸಿರು ತುದಿಯದು. ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಕೆಳಗೆ ಧೂಳಿಗೂ ಬಿಡಬೇಡಿ, ಮುಚ್ಚಳ ಹಾಕಿ. ಡಬ್ಬಿ ಉರಿಯುತ್ತಿರುತ್ತದೆ, ಈಥರ್ನೆಟ್ ದೀಪ ಮಿಣುಕುತ್ತಿರುತ್ತದೆ, ಗೇಟ್‌ವೇ ಪಿಂಗ್ ಹೋಗುತ್ತಿರುತ್ತದೆ. ಇದೇ ನಿಜವಾದ ಕಡಿತ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಗೇಟ್‌ವೇ ಕೆಂಪಾಗಲು ಎಷ್ಟು ಹೊತ್ತು, ಮತ್ತೆ ಸಿಕ್ಕಿಸಿದ ಮೇಲೆ ಹಸಿರಾಗಲು ಎಷ್ಟು ಹೊತ್ತು ಬರೆದುಕೊಳ್ಳಿ. ಬ್ರಾಡ್‌ಬ್ಯಾಂಡಿಗೆ 20 ಮತ್ತು ಸುಮಾರು 42 ಸೆಕೆಂಡ್ ಹತ್ತಿರ ಬಂದರೆ ಸರಿ. ಲೀಸ್ಡ್ ಲೈನಿಗೆ ಅವರ ಇಂಜಿನಿಯರನ್ನು ಫೋನಿನಲ್ಲಿ ಹಿಡಿದು ಅವರ ಕಡೆಯಿಂದಲೇ ಎರಡು ನಿಮಿಷ ಮುಚ್ಚಿಸಿ. ಎರಡನೇ ಅಥವಾ ನಾಲ್ಕನೇ ಶನಿವಾರ ಕೌಂಟರ್ ಖಾಲಿ ಇರುವಾಗ ಒಮ್ಮೆ ಮಾಡಿ. ಆಮೇಲೆ ಒಂದು ವಾರದ ದಿನ ಸಂಜೆ, ಬ್ಯಾಕಪ್ ಓಡುತ್ತಿರುವಾಗ ಇನ್ನೊಮ್ಮೆ.

ಮಾನಿಟರ್ ಐಪಿ ಇವತ್ತೇ ಬದಲಿಸಿ, ಟೈಮ್ ಪೀರಿಯಡ್ ಮತ್ತು ಟ್ರಿಗರನ್ನೂ ಇವತ್ತೇ ಹಿಂದಕ್ಕೆ ತನ್ನಿ. ಬ್ರಾಡ್‌ಬ್ಯಾಂಡಿನ 15–30ರಂಥ ಸೂಕ್ಷ್ಮ ಮಿತಿಗಳನ್ನು ಒಂದು ವಾರದ ಗ್ರಾಫ್ ನೋಡಿ ಆಮೇಲೆ ತಿದ್ದಿ. ಆ ವಾರದಲ್ಲಿ ಮತ್ತೆ ಲೈನ್ ಹಾರಿದರೆ ಗೇಟ್‌ವೇ ಲಾಗಿನ ಆ ಹೊತ್ತಿನ ಹತ್ತು ಸಾಲು ಕಳಿಸಿ. ನಿಮ್ಮ ಸಾರ್ವಜನಿಕ ಐಪಿ ಮಾತ್ರ ಅಳಿಸಿ ಕಳಿಸಿ.